ನಿದ್ರಾಹೀನತೆ: ಮಾತ್ರೆಗೂ ಮೊದಲಿರುವ ಮದ್ದು

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಸಂತೆಯು ವಾರಕ್ಕೊಮ್ಮೆ ನೆರೆದು ಹೊತ್ತು ಮುಳುಗುವ ಮುನ್ನ ಚದುರುತ್ತಿತ್ತು. ಮೈಸೂರಿನ ದಕ್ಷಿಣದ ಅಂಚಿನಲ್ಲಿರುವ ಮಂಡಕಳ್ಳಿಯಲ್ಲಿ ಸಂತೆ ಚದುರುವ ಹೊತ್ತು ಎಂಬುದೇ ಈಗ ಉಳಿದಿಲ್ಲ. ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ, ಸಿದ್ಧವಾದ ಇಲ್ಲಿನ ವಿಮಾನ ಇಳಿದಾಣ 2010ರಲ್ಲಿ ಹೊಸ ನಿಲ್ದಾಣವಾಗಿ ತೆರೆಯಿತು. ಅದರ ಬದಿಯಲ್ಲೇ ನಂಜನಗೂಡು, ಗುಂಡ್ಲುಪೇಟೆಗಳತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 766. ಹೆದ್ದಾರಿಗೆ ಜೊತೆಯಾಗಿ ಚಾಮರಾಜನಗರದ ರೈಲು ಮಾರ್ಗ. ಮುಂದಕ್ಕೆ ಹೋದರೆ ಕಡಕೊಳ, ತಾಂಡವಪುರ, ನಂಜನಗೂಡಿನ ಕಾರ್ಖಾನೆಗಳು. ಅಲ್ಲಿ ಪಾಳಿ ಬದಲಾದಾಗಲೆಲ್ಲ ಈ ರಸ್ತೆಯಲ್ಲಿ ಬಸ್ಸುಗಳು ಓಡುತ್ತವೆ. ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಊಟದ ಡಬ್ಬಿ ಹಿಡಿದು ಹೊರಡುತ್ತಾರೆ.

ಇಂಥ ಊರಿನಲ್ಲಿ ಬೆಳಗಿನ ಮಾತು 'ಊಟ ಆಯ್ತಾ' ಎಂಬುದರಿಂದ 'ನಿದ್ದೆ ಬಂತಾ' ಎಂಬಲ್ಲಿಗೆ ಜಾರಿರುವುದು ಆಶ್ಚರ್ಯವೇನಲ್ಲ. ಆದರೆ ಈ ಪ್ರಶ್ನೆಗೆ ನಮ್ಮ ಆರೋಗ್ಯ ವ್ಯವಸ್ಥೆ ಕೊಡುತ್ತಿರುವ ಉತ್ತರವೇನು ಎಂದು ವಿಚಾರಿಸಿ ನೋಡಿದರೆ ಕೈಗೆ ಸಿಗುವುದು ಬಹುಪಾಲು ಒಂದೇ ವಸ್ತು: ಹತ್ತು ಮಾತ್ರೆಗಳ ಒಂದು ಪಟ್ಟಿ. ನಿದ್ರಾಹೀನತೆಗೆ ಮೊದಲು ಕೊಡಬೇಕಾದ ಚಿಕಿತ್ಸೆ ಮಾತ್ರೆಯಲ್ಲ ಎಂದು ವೈದ್ಯಲೋಕ ನಿರ್ಣಯಿಸಿ ಹತ್ತು ವರ್ಷಗಳಾಗುತ್ತ ಬಂದಿವೆ. ಆ ನಿರ್ಣಯ ಇನ್ನೂ ಮಂಡಕಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದಿಲ್ಲ.

ಈ ವಿಷಯವನ್ನು ಈಗ ಎತ್ತಲು ಕಾರಣವಿದೆ. 2025ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಅವರು ಮಂಡಿಸಿದ ರಾಜ್ಯ ಆಯವ್ಯಯದಲ್ಲಿ, ಮೈಸೂರಿನಲ್ಲಿ 100 ಕೋಟಿ ರೂಪಾಯಿ ವೆಚ್ಚದಲ್ಲಿ ನಿಮ್ಹಾನ್ಸ್ ಮಾದರಿಯ ಸಂಸ್ಥೆಯೊಂದನ್ನು ಸ್ಥಾಪಿಸುವುದಾಗಿ ಘೋಷಿಸಲಾಯಿತು. ಮನೋರೋಗ ಮತ್ತು ನರರೋಗಗಳಿಗಾಗಿ ಬೆಂಗಳೂರಿನ ಹೊಸೂರು ರಸ್ತೆಯವರೆಗೆ ಅಲೆಯುತ್ತಿದ್ದ ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗಿನ ಜನರಿಗೆ ಇದು ಸಮಾಧಾನದ ಸುದ್ದಿಯೇ ಸರಿ. ಆದರೆ ಸಂಸ್ಥೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಟ್ಟಡ, ಹಾಸಿಗೆಗಳ ಸಂಖ್ಯೆ, ಸ್ಕ್ಯಾನಿಂಗ್ ಯಂತ್ರ. ಹಾಸಿಗೆ ಹಿಡಿಯದೆ, ಕೆಲಸಕ್ಕೂ ಹೋಗುತ್ತ, ರಾತ್ರಿ ಮಾತ್ರ ಸುಮ್ಮನೆ ಕಣ್ಣು ಬಿಟ್ಟುಕೊಂಡು ಬಿದ್ದಿರುವ ಸಾವಿರಾರು ಜನರಿಗೆ ಆ ಸಂಸ್ಥೆಯಿಂದ ಏನು ಸಿಗಬೇಕು ಎಂಬ ಚರ್ಚೆ ಇದುವರೆಗೆ ನಡೆದಿಲ್ಲ.

ಇವರ ಸಂಖ್ಯೆ ಸಣ್ಣದಲ್ಲ. ನಿಮ್ಹಾನ್ಸ್ ತಜ್ಞರು ದಕ್ಷಿಣ ಭಾರತದ ಆರೋಗ್ಯವಂತರೆನಿಸಿಕೊಂಡ 1050 ಮಂದಿಯನ್ನು ಪ್ರಶ್ನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಹದಿನೆಂಟಕ್ಕೂ ಹೆಚ್ಚು ಜನರಲ್ಲಿ ನಿದ್ರಾಹೀನತೆಯ ಲಕ್ಷಣಗಳು ಕಂಡಿದ್ದವು. ಗೊರಕೆ, ಉಸಿರಾಟಕ್ಕೆ ಸಂಬಂಧಿಸಿದ ತೊಂದರೆಗಳೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿದ್ದವು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಿದ್ದೆ ಇಲ್ಲದವರೆಲ್ಲ ನಿದ್ರಾಹೀನತೆಯ ರೋಗಿಗಳಲ್ಲ. ವಾರಕ್ಕೆ ಕನಿಷ್ಠ ಮೂರು ರಾತ್ರಿ, ಮೂರು ತಿಂಗಳ ಕಾಲ, ನಿದ್ದೆ ಹತ್ತುವುದು ಕಷ್ಟವಾಗಬೇಕು ಅಥವಾ ನಡುವೆ ಎಚ್ಚರವಾಗಿ ಮತ್ತೆ ಹತ್ತದಿರಬೇಕು. ಹಗಲಿನ ಕೆಲಸ, ಮನಸ್ಸು ಅದರಿಂದ ಕೆಡುತ್ತಿರಬೇಕು. ಆಗ ಅದು ದೀರ್ಘಕಾಲದ ನಿದ್ರಾಹೀನತೆ. ಈ ವ್ಯಾಖ್ಯೆಯ ಕೊನೆಯಲ್ಲಿ ಒಂದು ಷರತ್ತಿದೆ, ಅದೇ ನಮಗೆ ಮುಖ್ಯ: ಮಲಗಲು ಸಾಕಷ್ಟು ಅವಕಾಶ, ತಕ್ಕ ಜಾಗ ಎಲ್ಲ ಇದ್ದೂ ನಿದ್ದೆ ಬಾರದಿರಬೇಕು.

ಈ ಷರತ್ತನ್ನು ಹಿಡಿದು ಒಂದೇ ಬೀದಿಯ ಮೂರು ಮನೆಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದರಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಏಳಕ್ಕೆ ಬಂದ ಕಾರ್ಮಿಕ. ಮಕ್ಕಳು ಶಾಲೆಗೆ ಹೊರಡುವ ಗಲಾಟೆ, ತಗಡಿನ ಚಾವಣಿಯ ಕಾವು, ಹನ್ನೆರಡಕ್ಕೆ ಬರುವ ನೀರು ಹಿಡಿಯುವ ಅವಸರ ಎಲ್ಲ ಸೇರಿ ನಾಲ್ಕು ಗಂಟೆಯ ನಿದ್ದೆಗೂ ಅವನಿಗೆ ಆಸ್ಪದವಿಲ್ಲ. ಎರಡನೆಯದು ಹೆದ್ದಾರಿಗೆ ಮುಖ ಮಾಡಿದ ಮನೆ. ಲಾರಿಗಳ ಹಾರನ್ನು, ಛತ್ರದ ಧ್ವನಿವರ್ಧಕ ಮಲಗಿದವರನ್ನು ಎಬ್ಬಿಸುತ್ತಲೇ ಇರುತ್ತವೆ. ಮೂರನೆಯ ಮನೆಯಲ್ಲಿ ಹಿಂಬದಿಯ ಕೋಣೆ, ಫ್ಯಾನು, ಒಳ್ಳೆಯ ಹಾಸಿಗೆ, ಒಂಬತ್ತೂವರೆಗೆ ಆರಿದ ದೀಪ. ಆದರೂ ಮನೆಯಾಕೆ ಎರಡು ಗಂಟೆಯ ತನಕ ಹೊರಳಾಡುತ್ತಾಳೆ. ನಿಜವಾದ ನಿದ್ರಾಹೀನತೆ ಇರುವುದು ಈ ಮೂರನೆಯ ಮನೆಯಲ್ಲಿ ಮಾತ್ರ. ಮೊದಲ ಎರಡು ಮನೆಗಳಲ್ಲಿರುವುದು ನಿದ್ದೆಯ ಅಪಹರಣ. ಮೂವರೂ ಒಂದೇ ಔಷಧ ಅಂಗಡಿಗೆ ಹೋಗಿ ಒಂದೇ ಮಾತ್ರೆ ತರುತ್ತಿದ್ದರೆ, ಅದರಲ್ಲಿ ತಪ್ಪು ರೋಗಿಯದಲ್ಲ.

ಅಪಹರಣದ ವಿಷಯಕ್ಕೆ ಕಾನೂನಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದಿನ ಮಿತಿ 45 ಡೆಸಿಬಲ್. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2018ರಲ್ಲಿ ರಾತ್ರಿಯ ರಸ್ತೆ ಸಂಚಾರದ ಸದ್ದಿಗೆ ಇದೇ 45ನ್ನೂ, ವಿಮಾನಗಳ ಸದ್ದಿಗೆ 40ನ್ನೂ ಸೂಚಿಸಿತು. ದೆಹಲಿಯ ರಾಮಲೀಲಾ ಮೈದಾನದಲ್ಲಿ 2011ರ ಜೂನ್‌ನಲ್ಲಿ ಮಲಗಿದ್ದವರ ಮೇಲೆ ನಡುರಾತ್ರಿ ಪೊಲೀಸರು ನುಗ್ಗಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ತೀರ್ಪು ನೀಡಿದಾಗ, ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಅವರು ನಿದ್ದೆಯೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಬರೆದರು. ಇಷ್ಟಾದರೂ ಛತ್ರದ ಡಿಜೆಯನ್ನು ಹನ್ನೊಂದಕ್ಕೆ ನಿಲ್ಲಿಸಲು ಠಾಣೆಗೆ ಫೋನ್ ಮಾಡುವವರು ಎಷ್ಟು ಮಂದಿ?

ಇಲ್ಲೊಂದು ವಿಚಿತ್ರವನ್ನು ಹೇಳದಿರಲಾಗದು. ಮಂಡಕಳ್ಳಿಯ ಮುಂದಿರುವ ಇದೇ ಹೆದ್ದಾರಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡನ್ನು ಹೊಕ್ಕುತ್ತದೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ, ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳ ಹೊರತು, ಸಂಚಾರವೇ ಇಲ್ಲ. ಆನೆ, ಹುಲಿ, ಜಿಂಕೆಗಳಿಗೆ ರಾತ್ರಿಯನ್ನು ಬಿಟ್ಟುಕೊಡಬೇಕೆಂಬ ಆ ತೀರ್ಮಾನವನ್ನು ಈ ಲೇಖಕ ಮನಸಾರೆ ಬೆಂಬಲಿಸುತ್ತಾನೆ. ಅದೇ ರಸ್ತೆಯ ಈಚೆ ತುದಿಯಲ್ಲಿ ಮನುಷ್ಯರಿಗೂ ಒಂದು ರಾತ್ರಿ ಇದೆ ಎಂಬುದು ಮಾತ್ರ ಯಾರ ಕಡತದಲ್ಲೂ ಇದ್ದಂತಿಲ್ಲ.

ಪಾಳಿಯ ಕಥೆ ಇನ್ನೂ ಗಂಭೀರ. 2023ರಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೂ, ಷರತ್ತುಗಳೊಂದಿಗೆ ಮಹಿಳೆಯರ ರಾತ್ರಿ ಪಾಳಿಗೂ ದಾರಿ ತೆರೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು, ಮಹಿಳೆಯರ ಒಪ್ಪಿಗೆ ಇದ್ದಲ್ಲಿ, ಎಲ್ಲ ಬಗೆಯ ಕೆಲಸಗಳಲ್ಲೂ ರಾತ್ರಿ ದುಡಿಮೆಗೆ ಅವಕಾಶ ನೀಡಿವೆ. ಸಮಾನ ಅವಕಾಶದ ದೃಷ್ಟಿಯಿಂದ ಇದನ್ನು ವಿರೋಧಿಸಲಾಗದು. ಆದರೆ ಚರ್ಚೆಯೆಲ್ಲ ವಾಹನ ಸೌಕರ್ಯ, ಕ್ಯಾಮೆರಾ, ಭದ್ರತೆಯ ಸುತ್ತಲೇ ಸುತ್ತಿತು. ರಾತ್ರಿ ದುಡಿದು ಬಂದ ಹೆಣ್ಣು ಮಗಳು ಹಗಲು ಯಾವಾಗ ಮಲಗಬೇಕು, ಆ ಹೊತ್ತಿಗೆ ಮನೆಯ ಅಡುಗೆ ಯಾರು ಮಾಡಬೇಕು ಎಂಬುದನ್ನು ಸದನದಲ್ಲಾಗಲಿ ಹೊರಗಾಗಲಿ ಕೇಳಿದವರು ವಿರಳ. ದೇಹದ ಗಡಿಯಾರವನ್ನು ಕೆಡಿಸುವ ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿದೆ. ಇಂಥವರಿಗೆ ಬೇಕಾದುದು ಪದೇ ಪದೇ ತಿರುಗದ ಪಾಳಿ, ಮನೆಗೆ ಮರಳುವಾಗ ಬೆಳಗಿನ ಬೆಳಕಿನಿಂದ ಕಣ್ಣಿಗೆ ಮರೆ, ಕತ್ತಲಾಗಿಸಿದ ಕೋಣೆ ಮತ್ತು ಮನೆಯವರ ಸಹಕಾರ. ನಿದ್ದೆ ಮಾತ್ರೆ ಇವರ ಮಟ್ಟಿಗೆ ಕೊನೆಯ ಮಾತು.

ಇನ್ನು ಮೂರನೆಯ ಮನೆಗೆ ಬರೋಣ. ಸದ್ದಿಲ್ಲ, ಪಾಳಿಯಿಲ್ಲ, ಆದರೂ ಏಕೆ ನಿದ್ದೆಯಿಲ್ಲ?

ನಿದ್ದೆಯನ್ನು ನಡೆಸುವ ಶಕ್ತಿಗಳು ಎರಡು ಎಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ಒಂದು, ಎಚ್ಚರವಾಗಿರುವಷ್ಟು ಹೊತ್ತೂ ಒಳಗೆ ತುಂಬಿಕೊಳ್ಳುತ್ತ ಹೋಗುವ ನಿದ್ದೆಯ ಒತ್ತಡ. ಕೆರೆಗೆ ನೀರು ತುಂಬಿದಂತೆ ಹಗಲೆಲ್ಲ ಏರುವ ಈ ಒತ್ತಡ ರಾತ್ರಿ ನಿದ್ದೆಯಲ್ಲಿ ತೂಬು ತೆರೆದಂತೆ ಇಳಿಯುತ್ತದೆ. ಮಿದುಳಿನಲ್ಲಿ ಸೇರುವ ಅಡಿನೋಸಿನ್ ಎಂಬ ಪದಾರ್ಥಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ಕಾಫಿ ಮಾಡುವುದು ಈ ಅಡಿನೋಸಿನ್‌ನ ಬಾಗಿಲಿಗೆ ಅಗಳಿ ಹಾಕುವ ಕೆಲಸವನ್ನು. ಸಂಜೆ ಐದಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ರಾತ್ರಿ ಹತ್ತಕ್ಕೂ ದೇಹದಲ್ಲಿರುತ್ತದೆ ಎಂದರೆ ಮೈಸೂರಿಗರಿಗೆ ಬೇಸರವಾದೀತು, ಆದರೆ ಲೆಕ್ಕ ಹಾಗೆಯೇ ಇದೆ. ಎರಡನೆಯದು, ಬೆಳಕನ್ನು ನೋಡಿ ತನ್ನನ್ನು ತಿದ್ದಿಕೊಳ್ಳುವ ದೇಹದ ಗಡಿಯಾರ. ಅದರ ಒಳಯಂತ್ರವನ್ನು ಜೀನುಗಳ ಮಟ್ಟದಲ್ಲಿ ಬಿಡಿಸಿ ತೋರಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪಾರಿತೋಷಕ ಸಂದಿತು.

ಒತ್ತಡ ತುಂಬಿ, ಗಡಿಯಾರವೂ ರಾತ್ರಿ ಎಂದಾಗ ನಿದ್ದೆ ತಾನಾಗಿ ಬರುತ್ತದೆ. ತಾನಾಗಿ ಎಂಬ ಮಾತನ್ನು ಗಮನಿಸಬೇಕು. ನಡೆಯುವುದು, ಉಣ್ಣುವುದು ಪ್ರಯತ್ನದಿಂದ ಆಗುತ್ತದೆ. ನಿದ್ದೆ ಮಾತ್ರ ಪ್ರಯತ್ನಿಸಿದಷ್ಟೂ ದೂರ ಸರಿಯುತ್ತದೆ. ನಿದ್ರಾಹೀನತೆಯ ಗುಟ್ಟು ಇರುವುದು ಇಲ್ಲಿಯೇ.

ಮನೆಯಲ್ಲಿ ಸಾವು, ಮಗಳ ಮದುವೆಯ ಸಾಲ, ಕೆಲಸ ಹೋದ ಸುದ್ದಿ, ಜ್ವರ, ಹೆರಿಗೆ, ಹೀಗೆ ಯಾವುದೋ ಒಂದು ಕಾರಣಕ್ಕೆ ಯಾರಿಗಾದರೂ ಕೆಲವು ರಾತ್ರಿ ನಿದ್ದೆ ಕೆಡುತ್ತದೆ. ಅದು ರೋಗವಲ್ಲ. ಹೆಚ್ಚಿನವರಲ್ಲಿ ಕಾರಣ ಸರಿದೊಡನೆ ನಿದ್ದೆ ಮರಳುತ್ತದೆ. ಕೆಲವರಲ್ಲಿ ಕಾರಣ ಮರೆತುಹೋದ ಮೇಲೂ ನಿದ್ದೆ ಮರಳುವುದಿಲ್ಲ. ಏಕೆಂದರೆ ಅಷ್ಟರಲ್ಲಿ ಅವರು ನಿದ್ದೆಯನ್ನು ಹಿಡಿಯಲು ಹೊರಟಿರುತ್ತಾರೆ. ರಾತ್ರಿ ನಿದ್ದೆ ಬರಲಿಲ್ಲವೆಂದು ಮಧ್ಯಾಹ್ನ ಎರಡು ಗಂಟೆ ಮಲಗುತ್ತಾರೆ, ಸಂಜೆಯೇ ಹಾಸಿಗೆ ಸೇರುತ್ತಾರೆ, ಬೆಳಗ್ಗೆ ತಡವಾಗಿ ಏಳುತ್ತಾರೆ. ಆರು ಗಂಟೆಯ ನಿದ್ದೆಯನ್ನು ಹತ್ತು ಗಂಟೆಯ ಹಾಸಿಗೆಯ ಮೇಲೆ ಎಳೆದು ಹರಡಿದರೆ ಅದು ಅಲ್ಲಲ್ಲಿ ಹರಿಯದೆ ಇನ್ನೇನಾದೀತು? ಗಡಿಯಾರ ನೋಡುತ್ತ 'ಈಗ ನಿದ್ದೆ ಹತ್ತಿದರೂ ಇನ್ನು ನಾಲ್ಕೇ ಗಂಟೆ' ಎಂದು ಲೆಕ್ಕ ಹಾಕುತ್ತಾರೆ. ಕ್ರಮೇಣ ಹಾಸಿಗೆಯೇ ಎಚ್ಚರದ ಜಾಗವಾಗುತ್ತದೆ. ಟಿವಿಯ ಮುಂದೆ ತೂಕಡಿಸುತ್ತಿದ್ದವರು ಮಂಚಕ್ಕೆ ಬಂದೊಡನೆ ಕಣ್ಣು ಬಿಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ಮುಂದಿಟ್ಟ ಈ ವಿವರಣೆಯ ಪ್ರಕಾರ, ನಿದ್ರಾಹೀನತೆಯನ್ನು ಹುಟ್ಟಿಸುವ ಕಾರಣ ಒಂದು, ಅದನ್ನು ಸಾಕುವ ಕಾರಣ ಇನ್ನೊಂದು. ನಮ್ಮ ಗಾದೆ ಚಿಂತೆಯನ್ನು ಹೆಸರಿಸಿತು, ಸರಿಯೇ. ಆದರೆ ವರ್ಷಗಟ್ಟಲೆ ನಿದ್ದೆ ಕೆಟ್ಟವರ ತಲೆಯಲ್ಲಿ ಕೊನೆಗೆ ಉಳಿಯುವ ದೊಡ್ಡ ಚಿಂತೆ ನಿದ್ದೆಯದೇ.

ಆದ್ದರಿಂದ ಚಿಕಿತ್ಸೆಯೂ ಸಾಕುವ ಕಾರಣಕ್ಕೇ ಕೈಹಾಕುತ್ತದೆ. ಇದನ್ನು ನಿದ್ರಾಹೀನತೆಗಾಗಿ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆ ಎನ್ನಬಹುದು. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ, ಯುರೋಪಿನ ನಿದ್ರಾ ತಜ್ಞರು 2017ರಲ್ಲಿ ಮತ್ತು ಮರಳಿ 2023ರಲ್ಲಿ, ಎಲ್ಲ ವಯಸ್ಕರಿಗೂ ಮೊದಲು ಇದನ್ನೇ ಕೊಡಬೇಕೆಂದು ಶಿಫಾರಸು ಮಾಡಿದ್ದಾರೆ. ಹೆಸರು ದೊಡ್ಡದಾದರೂ ಒಳಗಿರುವುದು ಸರಳವಾದ, ಆದರೆ ಆಚರಿಸಲು ಕಠಿಣವಾದ ಕೆಲವು ಕಟ್ಟುಪಾಡುಗಳು.

ಮೊದಲು ಎರಡು ವಾರ ಲೆಕ್ಕ ಬರೆಯಬೇಕು. ಎಷ್ಟಕ್ಕೆ ಮಲಗಿದ್ದು, ಅಂದಾಜು ಎಷ್ಟಕ್ಕೆ ನಿದ್ದೆ ಬಂದದ್ದು, ಎಷ್ಟು ಸಲ ಎದ್ದದ್ದು, ಬೆಳಗ್ಗೆ ಎಷ್ಟಕ್ಕೆ ಹಾಸಿಗೆ ಬಿಟ್ಟದ್ದು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಇದಕ್ಕೂ ಜಾಗವಿದೆ. ಲೆಕ್ಕ ನೋಡಿದಾಗ ಒಬ್ಬಾಕೆ ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಸರಾಸರಿ ಐದೂವರೆ ಗಂಟೆ ನಿದ್ರಿಸುತ್ತಿದ್ದಾರೆ ಎನ್ನೋಣ. ಆಗ ಚಿಕಿತ್ಸಕರು ಅವರ ಹಾಸಿಗೆಯ ಹೊತ್ತನ್ನು ಐದೂವರೆ ಗಂಟೆಗೇ ಇಳಿಸುತ್ತಾರೆ. ಬೆಳಗ್ಗೆ ಐದೂವರೆಗೆ ಏಳಬೇಕಾದರೆ ರಾತ್ರಿ ಹನ್ನೆರಡಕ್ಕೆ ಮುನ್ನ ಮಲಗುವಂತಿಲ್ಲ, ಹಗಲು ಕಣ್ಣು ಮುಚ್ಚುವಂತಿಲ್ಲ. ನಿದ್ದೆಯಿಲ್ಲವೆಂದು ಬಂದವರಿಗೆ ಕಡಿಮೆ ಮಲಗಿ ಎಂದರೆ ಸಿಟ್ಟು ಬರುವುದು ಸಹಜ. ಮೊದಲ ವಾರ ತೂಕಡಿಕೆ, ತಲೆಭಾರ ಇದ್ದೇ ಇರುತ್ತವೆ. ಆದರೆ ಒತ್ತಡ ತುಂಬಿ ತುಂಬಿ, ಎರಡು ಮೂರು ವಾರಗಳಲ್ಲಿ ಚೂರುಚೂರಾದ ನಿದ್ದೆ ಒಂದುಗೂಡತೊಡಗುತ್ತದೆ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆಯಾದಾಗ ಹದಿನೈದು ನಿಮಿಷ ಹೆಚ್ಚಿಸುತ್ತಾರೆ. ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಮೂರ್ಛೆರೋಗ, ಉನ್ಮಾದದ ಕಾಯಿಲೆ ಇರುವವರು, ಲಾರಿ-ಬಸ್ಸು ಓಡಿಸುವವರು ವೈದ್ಯರ ಕಣ್ಗಾವಲಿಲ್ಲದೆ ಇದಕ್ಕೆ ಕೈಹಾಕಕೂಡದು.

ಇದರ ಜೊತೆಗೆ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ ನಿಯಮ: ಹಾಸಿಗೆ ನಿದ್ದೆಗೆ ಮಾತ್ರ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಇನ್ನೊಂದು ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಬೆಳಗ್ಗೆ ಮಾತ್ರ, ರಾತ್ರಿ ಹೇಗೇ ಕಳೆದಿರಲಿ, ಅದೇ ಹೊತ್ತಿಗೆ ಏಳಬೇಕು. ಅಮೆರಿಕದ ಮನೆಗಳನ್ನು ನೋಡಿ ಬರೆದ ಈ ನಿಯಮವನ್ನು ನಮ್ಮ ವೈದ್ಯರು ಹಾಗೆಯೇ ಒಪ್ಪಿಸುವುದುಂಟು. ಒಂದೇ ಕೋಣೆಯಲ್ಲಿ ಐವರು ಮಲಗುವ ಮನೆಯಲ್ಲಿ ಇನ್ನೊಂದು ಕೋಣೆ ಎಲ್ಲಿಂದ ಬರಬೇಕು? ನಿಯಮದ ಆತ್ಮವನ್ನು ಉಳಿಸಿಕೊಂಡು ರೂಪವನ್ನು ಬದಲಿಸಬಹುದು. ಜಗಲಿಯಿದ್ದರೆ ಜಗಲಿ, ಇಲ್ಲದಿದ್ದರೆ ಚಾಪೆಯಿಂದ ಎದ್ದು ಗೋಡೆಗೆ ಒರಗಿ ಕುಳಿತರೂ ಆಯಿತು. ಮಲಗಿಕೊಂಡು ಹೋರಾಡಬಾರದು ಎಂಬುದಷ್ಟೇ ಸಾರ. ಇಂಥ ಹೊಂದಿಕೆಗಳನ್ನು ಮಾಡಬೇಕಾದವರು ಮೈಸೂರಿನಲ್ಲಿ ಕುಳಿತ ತಜ್ಞರೇ ಹೊರತು ನ್ಯೂಯಾರ್ಕಿನವರಲ್ಲ.

ಈ ಚಿಕಿತ್ಸೆಯನ್ನು ಹೊಗಳುವ ಭರದಲ್ಲಿ ಸುಳ್ಳು ಭರವಸೆ ಕೊಡುವುದೂ ಬೇಡ. 20 ಪ್ರಯೋಗಗಳ 1162 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ನಿದ್ದೆ ಹತ್ತುವ ಹೊತ್ತು ಸರಾಸರಿ 19 ನಿಮಿಷ, ನಡುರಾತ್ರಿ ಎಚ್ಚರವಿರುವ ಹೊತ್ತು 26 ನಿಮಿಷ ಕಡಿಮೆಯಾಗಿತ್ತು. ಒಟ್ಟು ನಿದ್ದೆ ಹೆಚ್ಚಿದ್ದು ಎಂಟು ನಿಮಿಷಕ್ಕೂ ಕಡಿಮೆ! ಇಷ್ಟೇನಾ ಎನಿಸಬಹುದು. ಆದರೆ ನಿದ್ರಾಹೀನರ ದೂರು ಗಂಟೆಗಳ ಎಣಿಕೆಯದಲ್ಲ, ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕಳೆಯುವ ಹೊತ್ತಿನದು. ಅದು ಇಳಿಯಿತು, ಮತ್ತು ಚಿಕಿತ್ಸೆ ನಿಲ್ಲಿಸಿದ ಮೇಲೂ ಗುಣ ಉಳಿಯಿತು. ಮಾತ್ರೆ ನಿಲ್ಲಿಸಿದರೆ ಉಳಿಯದಿರುವುದು ಇದೇ.

ಹಾಗೆಂದು ಮಾತ್ರೆಯೆಲ್ಲ ವಿಷವಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ನಾಲ್ಕು ರಾತ್ರಿ ಮಾತ್ರೆ ಕೊಟ್ಟ ವೈದ್ಯರನ್ನು ಯಾರೂ ದೂರಲಾರರು. ತೊಂದರೆ ಇರುವುದು ನಾಲ್ಕು ರಾತ್ರಿ ನಾಲ್ಕು ವರ್ಷವಾಗುವುದರಲ್ಲಿ. ಆಲ್ಪ್ರಜೋಲಾಮ್, ಡಯಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಮುಂತಾದವನ್ನು ಕೇಂದ್ರ ಸರ್ಕಾರ ಎಚ್-1 ಅನುಸೂಚಿಗೆ ಸೇರಿಸಿದ್ದು, 2014ರ ಮಾರ್ಚ್‌ನಿಂದ ಅದು ಜಾರಿಯಲ್ಲಿದೆ. ಬರೆದುಕೊಟ್ಟ ವೈದ್ಯರ, ಕೊಂಡ ರೋಗಿಯ ಹೆಸರು, ಪ್ರಮಾಣಗಳನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಿಯಮ ಗಟ್ಟಿಯಾಗಿದೆ. ಆದರೆ ಹಳೆಯ ಚೀಟಿಯೊಂದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ತಿಂಗಳು ತಿಂಗಳು ಅದರ ಮೇಲೇ ಕೊಳ್ಳುವ ಹಿರಿಯರು ಯಾವ ಬಡಾವಣೆಯಲ್ಲಿಲ್ಲ?

ವಯಸ್ಸಾದವರಲ್ಲಿ ಈ ಮಾತ್ರೆಗಳಿಂದ ರಾತ್ರಿ ಎದ್ದಾಗ ಜೋಲಿ ಹೊಡೆದು ಬೀಳುವುದು, ಸೊಂಟದ ಮೂಳೆ ಮುರಿಯುವುದು, ಮರೆವು, ಗೊಂದಲ ಹೆಚ್ಚುತ್ತವೆ. ಜೋಲ್ಪಿಡೆಮ್ ಹೆಂಗಸರ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಅವರಿಗೆ ಆರಂಭದ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು. 2019ರಲ್ಲಿ, ನಿದ್ದೆಯಲ್ಲೇ ನಡೆದಾಡಿ, ವಾಹನ ಓಡಿಸಿ ಸಾವುನೋವುಗಳಾದ ಪ್ರಕರಣಗಳ ಕಾರಣ ಅತ್ಯುಚ್ಚ ಮಟ್ಟದ ಎಚ್ಚರಿಕೆಯನ್ನೂ ಹಾಕಿಸಿದರು. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ಮಿದುಳಿನ ಸಂದೇಶವಾಹಕವನ್ನು ತಡೆಯುವ ಹೊಸ ಬಗೆಯ ಔಷಧಗಳು 2014ರಿಂದ ಅಲ್ಲಿ ಒಪ್ಪಿಗೆ ಪಡೆದಿವೆ. ಹಳೆಯವಕ್ಕಿಂತ ಸೌಮ್ಯವೆಂಬ ನಿರೀಕ್ಷೆಯಿದೆ, ಆದರೂ ಮೊದಲ ಸ್ಥಾನ ಅವಕ್ಕೂ ಸಿಕ್ಕಿಲ್ಲ.

ಇದನ್ನು ಓದಿ ಮಾತ್ರೆಯನ್ನು ಇಂದೇ ಎಸೆಯುವವರಿಗೆ ಒಂದು ಮಾತು: ಹಾಗೆ ಮಾಡಬೇಡಿ. ಬಹುಕಾಲ ಸೇವಿಸಿದ ಇಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ತಳಮಳ, ಕೆಲವೊಮ್ಮೆ ಮೂರ್ಛೆಯೂ ಬರಬಹುದು. ವೈದ್ಯರ ನಿಗಾದಲ್ಲಿ ವಾರಗಳ ಅಂತರದಲ್ಲಿ ಇಳಿಸುತ್ತ ಬರಬೇಕು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಈ ಮಾತ್ರೆಗಳಿಗೆ ಒಗ್ಗಿದ ಹಿರಿಯರಿಗೆ ಅಪಾಯಗಳನ್ನೂ, ಇಳಿಸುವ ಕ್ರಮವನ್ನೂ ವಿವರಿಸುವ ಪುಸ್ತಿಕೆಯೊಂದನ್ನು ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ತಿಂಗಳಲ್ಲಿ ಪುಸ್ತಿಕೆ ಪಡೆದವರಲ್ಲಿ ನೂರಕ್ಕೆ 27 ಮಂದಿ ಮಾತ್ರೆ ಬಿಟ್ಟಿದ್ದರು. ಪಡೆಯದವರಲ್ಲಿ 5 ಮಂದಿ. ಒಂದು ಪುಸ್ತಿಕೆಯ ಖರ್ಚು ಎಷ್ಟಾದೀತು?

ಮಾತ್ರೆ ಬರೆಯುವ ಮುನ್ನ ಕೇಳಲೇಬೇಕಾದ ಕೆಲವು ಪ್ರಶ್ನೆಗಳೂ ಉಳಿದುಹೋಗುತ್ತಿವೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರುಗಟ್ಟಿ ಎಚ್ಚರವಾಗುವವರ ಕಾಯಿಲೆ ಬೇರೆ. ನಿದ್ದೆ ಮಾತ್ರೆ ಅವರ ಉಸಿರಾಟವನ್ನು ಇನ್ನಷ್ಟು ಕೆಡಿಸಬಲ್ಲದು. ಸಕ್ಕರೆ ಕಾಯಿಲೆಯಿಂದಲೋ ಪ್ರಾಸ್ಟೇಟ್ ತೊಂದರೆಯಿಂದಲೋ ಮೂತ್ರಕ್ಕೆ ನಾಲ್ಕು ಸಲ ಏಳುವ ಹಿರಿಯರಿಗೆ ಆ ರೋಗಕ್ಕೇ ಚಿಕಿತ್ಸೆಯಾಗಬೇಕು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಬದುಕೇ ಬೇಡವೆನಿಸುವವರದು ಖಿನ್ನತೆ ಇರಬಹುದು. ಕಿವಿಯಲ್ಲಿ ಸದಾ ಗುಂಯ್‌ಗುಟ್ಟುವ ಸದ್ದಿನಿಂದ ನಿದ್ದೆಗೆಟ್ಟವರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಮೆಟ್ಟಿಲು ಹತ್ತಬೇಕು. ರಾತ್ರಿ ಒಂದು 'ಕ್ವಾರ್ಟರ್' ಹಾಕಿದರೆ ನಿದ್ದೆ ಬರುತ್ತದೆ ಎನ್ನುವವರ ನಿದ್ದೆಯನ್ನು ನಡುರಾತ್ರಿ ಒಡೆಯುವುದೂ ಅದೇ ಕ್ವಾರ್ಟರ್.

ಹೆಂಗಸರ ಮಟ್ಟಿಗೆ ಇನ್ನೊಂದು ಪ್ರಶ್ನೆಯಿದೆ. ಮಲಗಿದೊಡನೆ ಕಾಲಿನೊಳಗೆ ಏನೋ ಹರಿದಂತಾಗಿ, ಆಡಿಸದೆ ಇರಲಾಗದ ತಳಮಳ ಕೆಲವರಿಗಿರುತ್ತದೆ. ಎದ್ದು ನಡೆದಾಡಿದರೆ ಇಳಿಯುತ್ತದೆ, ಮಲಗಿದರೆ ಮತ್ತೆ ಶುರು. ವೈದ್ಯರು ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ, ಹೇಳಿದರೆ ನಗುತ್ತಾರೆಂಬ ಸಂಕೋಚ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾಗಿರುವುದು ಇದರ ಒಂದು ಮುಖ್ಯ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿತ್ತು. ಅಂಥವರಲ್ಲಿ ಎಷ್ಟೋ ಮಂದಿಗೆ ಬೇಕಾದ 'ನಿದ್ದೆ ಮಾತ್ರೆ' ಕಬ್ಬಿಣದ ಮಾತ್ರೆಯೇ ಆಗಿರಬಹುದು, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಯೋಗ, ಆಯುರ್ವೇದಗಳ ನೆಲವಾದ ಮೈಸೂರಿನಲ್ಲಿ ಅವುಗಳ ಮಾತೆತ್ತದೆ ಲೇಖನ ಮುಗಿಸುವುದು ಅನ್ಯಾಯ. ಚರಕಸಂಹಿತೆ ಆಹಾರದ ಸಾಲಿನಲ್ಲೇ ನಿದ್ರೆಯನ್ನೂ ಬದುಕಿನ ಉಪಸ್ತಂಭವೆಂದು ಎಣಿಸಿದೆ. ಆದರೆ ಗೌರವ ಬೇರೆ, ಪರೀಕ್ಷೆ ಬೇರೆ. ಬೆಂಗಳೂರಿನ ಯೋಗ ಸಂಶೋಧಕರಾದ ಎನ್.ಕೆ. ಮಂಜುನಾಥ್ ಮತ್ತು ಶಿರ್ಲಿ ಟೆಲ್ಲಿಸ್ ವೃದ್ಧಾಶ್ರಮವೊಂದರ 69 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಯೋಗ, ಇನ್ನೊಂದಕ್ಕೆ ಆಯುರ್ವೇದ ರಸಾಯನ ಕೊಟ್ಟು, ಮೂರನೆಯದನ್ನು ಹಾಗೆಯೇ ಬಿಟ್ಟು ಆರು ತಿಂಗಳು ಗಮನಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯೋಗದ ಗುಂಪಿನವರು ಸುಮಾರು ಹತ್ತು ನಿಮಿಷ ಬೇಗ ನಿದ್ದೆಹೋಗುತ್ತಿದ್ದರು, ಒಂದು ಗಂಟೆಯಷ್ಟು ಹೆಚ್ಚು ನಿದ್ರಿಸುತ್ತಿದ್ದರು. ರಸಾಯನದ ಗುಂಪಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಗುಂಪುಗಳು ಸಣ್ಣವು, ಲೆಕ್ಕ ಅವರವರೇ ಹೇಳಿದ್ದು. ಆದರೂ ನಮ್ಮ ನೆಲದ ಪ್ರಯೋಗವಿದು. ಬೀದಿಗೊಂದು ಯೋಗಶಾಲೆ ಇರುವ ಮೈಸೂರಿನಲ್ಲಿ ಇದನ್ನು ದೊಡ್ಡದಾಗಿ, ಬಿಗಿಯಾಗಿ ಮತ್ತೆ ನಡೆಸಲು ಏನು ಅಡ್ಡಿ?

ಮತ್ತೆ ಹೊಸ ಸಂಸ್ಥೆಯ ವಿಷಯ. ನಿದ್ರಾಹೀನತೆಯ ವರ್ತನೆ ಚಿಕಿತ್ಸೆ ಕೊಡಬಲ್ಲ ಮನಶ್ಶಾಸ್ತ್ರಜ್ಞರು ನಮ್ಮಲ್ಲಿ ತೀರ ವಿರಳ. ಸಂಸ್ಥೆ ಕಟ್ಟಿದ ಮಾತ್ರಕ್ಕೆ ಅವರು ಉದುರಿ ಬೀಳುವುದಿಲ್ಲ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಇಂಗ್ಲೆಂಡಿನಿಂದ ಉತ್ತರ ಸಿಕ್ಕಿದೆ. ಅಲ್ಲಿನ ಪ್ರಾಥಮಿಕ ಚಿಕಿತ್ಸಾಲಯಗಳ ಸಾಮಾನ್ಯ ನರ್ಸುಗಳಿಗೆ ಅಲ್ಪ ತರಬೇತಿ ನೀಡಿ, ಹಾಸಿಗೆಯ ಹೊತ್ತನ್ನು ಮಿತಗೊಳಿಸುವ ಚಿಕಿತ್ಸೆಯನ್ನು ನಾಲ್ಕೇ ಭೇಟಿಗಳಲ್ಲಿ ಅವರಿಂದ ಕೊಡಿಸಿದರು. ಕೆಲವು ಭೇಟಿಗಳು ಫೋನಿನಲ್ಲೇ ಮುಗಿದವು. 642 ಮಂದಿ ಭಾಗವಹಿಸಿದ ಆ ಪ್ರಯೋಗದ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರವೂ ಚಿಕಿತ್ಸೆ ಪಡೆದವರ ಸ್ಥಿತಿ ಸ್ಪಷ್ಟವಾಗಿ ಮೇಲಾಗಿತ್ತು.

ಇಂಥ ನರ್ಸುಗಳು ನಮ್ಮಲ್ಲಿಲ್ಲವೇ? ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಳಗಿನ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ನಗರಗಳಲ್ಲಿ 2022ರ ಡಿಸೆಂಬರ್‌ನಿಂದ ನಮ್ಮ ಕ್ಲಿನಿಕ್‌ಗಳು ತೆರೆದಿವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಒಂದೊಂದು ಕಡೆ ಒಬ್ಬರಿಗೆ ಈ ನಾಲ್ಕು ಭೇಟಿಗಳ ವಿದ್ಯೆಯನ್ನು ಕಲಿಸುವುದು, ತೊಡಕಿನ ರೋಗಿಗಳನ್ನು ಮಾತ್ರ ಮೇಲಕ್ಕೆ ಕಳಿಸುವಂತೆ ಮಾಡುವುದು, ಪಾಳಿಯ ಕಾರ್ಮಿಕರಿಗಾಗಿ ಕಾರ್ಖಾನೆಗಳ ವೈದ್ಯರೊಂದಿಗೆ ಕೂಡಿ ಕೆಲಸ ಮಾಡುವುದು, ಇವು ಮೈಸೂರಿನ ಸಂಸ್ಥೆ ತನ್ನ ಕೆಲಸದ ಪಟ್ಟಿಯ ಮೊದಲ ಪುಟದಲ್ಲಿ ಬರೆದುಕೊಳ್ಳಬೇಕಾದ ಸಂಗತಿಗಳು. ಬ್ರಿಟನ್ನಿನ ಆರೋಗ್ಯ ಸಂಸ್ಥೆ 2022ರಲ್ಲಿ ನಿದ್ದೆ ಮಾತ್ರೆಗೆ ಬದಲಾಗಿ ಮೊಬೈಲ್ ಮೂಲಕ ಕಲಿಸುವ ಇಂಥದೇ ಕ್ರಮವನ್ನು ಶಿಫಾರಸು ಮಾಡಿತು. ಮೊಬೈಲಿನಲ್ಲಿ ಎಲ್ಲವೂ ಕನ್ನಡದಲ್ಲಿ ಬರುವ ಈ ಕಾಲದಲ್ಲಿ ಅಂಥದೊಂದನ್ನು ನಂಜನಗೂಡಿನ ಕನ್ನಡದಲ್ಲಿ, ಅಕ್ಷರ ಬಾರದವರಿಗೂ ಕೇಳಿಸುವಂತೆ ತಯಾರಿಸಲು 100 ಕೋಟಿಯ ಯೋಜನೆಯಲ್ಲಿ ಜಾಗವಿರಲೇಬೇಕು.

ಕಟ್ಟಡ ಏಳಲು ವರ್ಷಗಳು ಬೇಕು. ಆದರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ಚೀಟಿಯ ಹಿಂಬದಿ ಇಂದಿಗೂ ಖಾಲಿಯಿದೆ. ಹದಿನಾಲ್ಕು ಸಾಲು, ಐದು ಕಲಮಿನ ನಿದ್ದೆಯ ಲೆಕ್ಕದ ಕೋಷ್ಟಕವನ್ನು ಅಲ್ಲಿ ಅಚ್ಚು ಹಾಕಿಸಲು ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಆದೇಶ ಸಾಕು. ಮಂಡಕಳ್ಳಿಯಿಂದ ಬಂದ ಮೂವರು ಎರಡು ವಾರದ ಬಳಿಕ ಆ ಕೋಷ್ಟಕ ತುಂಬಿಸಿ ತಂದರೆ, ಯಾರದು ಪಾಳಿಯ ತೊಂದರೆ, ಯಾರದು ಸದ್ದಿನದು, ಯಾರದು ನಿಜವಾದ ನಿದ್ರಾಹೀನತೆ ಎಂಬುದು ವೈದ್ಯರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.